ಅಪ್ಪನ ಬಿ.ಪಿ. ಮಾತ್ರೆ

ಡೊಂಬಿವಲಿಯ ನಮ್ಮ ಮನೆಯಲ್ಲಿ ದಿನಾ ಬೆಳಿಗ್ಗೆ ಸ್ಟ್ರಿಪ್ಪಿನಿಂದ ಆಮ್ಲೋಡಿಪಿನ್ ಮಾತ್ರೆಯೊಂದನ್ನು ಒತ್ತಿ ತೆಗೆದು ಅಪ್ಪನ ಅಂಗೈಗೆ ಹಾಕುವುದು ನನ್ನ ಪಾಲಿನ ಕೆಲಸ. ರಕ್ತನಾಳದ ಸ್ನಾಯುಕೋಶಗಳೊಳಗೆ ಕ್ಯಾಲ್ಸಿಯಂ ನುಗ್ಗುವ ಎಲ್-ಟೈಪ್ ಚಾನೆಲ್‌ಗಳೆಂಬ ಬಾಗಿಲುಗಳನ್ನು ತಡೆದು ಒತ್ತಡ ಇಳಿಸುವ ಔಷಧವದು. ಅದೇ ಜಾತಿಯ ಚಾನೆಲ್‌ಗಳು ಮಿದುಳಿನ ನರಕೋಶಗಳಲ್ಲೂ ಇದ್ದು, ವಿದ್ಯುತ್ ಸಂಕೇತ ಬಂದೊಡನೆ ತೆರೆದುಕೊಂಡು, ಒಳಬಂದ ಕ್ಯಾಲ್ಸಿಯಂನ ಮೂಲಕ ಕೋಶಕೇಂದ್ರದ ಜೀನ್‌ಗಳನ್ನೇ ಎಚ್ಚರಿಸಿ ಕಲಿಕೆಗೂ ನೆನಪಿಗೂ ನೆರವಾಗುತ್ತವೆ. ಇವುಗಳಲ್ಲೊಂದನ್ನು ರೂಪಿಸುವ ಜೀನ್‌ನ ಹೆಸರು ಸಿಎಸಿಎನ್ಎ1ಸಿ. ಹೆಸರಿಗಿಂತ ಗಾಡಿಯ ನಂಬರ್ ಪ್ಲೇಟಿನಂತಿದೆ.

ಸ್ಕಿಜೋಫ್ರೇನಿಯಾ, ಬೈಪೋಲಾರ್ (ಮನಸ್ಥಿತಿ ವಿಪರೀತ ಏರಿಳಿಯುವ ಕಾಯಿಲೆ), ಖಿನ್ನತೆ, ಆಟಿಸಂ, ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಎಂಬ ಐದು ತೊಂದರೆಗಳ 33 ಸಾವಿರಕ್ಕೂ ಹೆಚ್ಚು ಜನರನ್ನು ಪರಿಶೀಲಿಸಿದ 2013ರ ಅಧ್ಯಯನದಲ್ಲಿ, ಐದನ್ನೂ ಒಟ್ಟಾಗಿ ನೋಡಿದಾಗ ನಂಟು ತೋರಿದ ಕೆಲವೇ ಜೀನ್ ತಾಣಗಳಲ್ಲಿ ಇದೂ ಒಂದು. ಆದರೆ ಇಂಥ ಒಂದೊಂದು ಜೀನ್ ವ್ಯತ್ಯಾಸದಿಂದ ಹೆಚ್ಚುವ ಅಪಾಯ ಅತ್ಯಲ್ಪ. ಅದನ್ನು ನೋಡಿ ಯಾರ ಕಾಯಿಲೆಯನ್ನೂ ಹೇಳಲಾಗದು.

ಬೈಪೋಲಾರ್‌ನಿಂದ ಬಳಲಿದ ನಮ್ಮ ಅತ್ತೆಗೆ ಊರಿನವರು ದೈವದ ಉಪದ್ರವೆಂದೇ ಹೇಳಿದ್ದರು. ಇದನ್ನೆಲ್ಲ ಕೇಳಿದ ಅಪ್ಪ, "ಹಾಗಾದರೆ ಅಕ್ಕನಿಗೂ ಈ ಮಾತ್ರೆಯನ್ನೇ ಕೊಡಬಹುದಿತ್ತಲ್ಲವೇ?" ಎಂದರು. ಇದು ಮಿದುಳಿಗೆ ಅಷ್ಟಾಗಿ ಸೇರುವುದಿಲ್ಲ ಎಂದೆ. ಅವರು ನೀರು ಕುಡಿದು ಸುಮ್ಮನಾದರು.