ವುರ್ಟ್ಸ್‌ಬುರ್ಗಿನ ಸಿಲ್ವಾನರ್

ವುರ್ಟ್ಸ್‌ಬುರ್ಗ್ ಎಂಬ ಜರ್ಮನಿಯ ಊರಿನ ನಿಲ್ದಾಣದಲ್ಲಿ ಇಳಿದರೆ ಎದುರಿಗೇ 'ಸ್ಟೈನ್' ಗುಡ್ಡ ಕಾಣುತ್ತದೆ. ಇಳಿಜಾರಿನ ತುಂಬ ದ್ರಾಕ್ಷಿ ಬಳ್ಳಿಗಳು, ಅವುಗಳ ಬುಡದಲ್ಲಿ ಸುಣ್ಣಕಲ್ಲಿನ ನೆಲ. ಫ್ರಾಂಕ್‌ಫರ್ಟಿನಲ್ಲಿ ಕೆಲಸದಲ್ಲಿರುವ ತಮ್ಮನ ಮಗಳು ನನ್ನನ್ನು ಕರೆತಂದದ್ದು ಅರಮನೆ ತೋರಿಸಲಿಕ್ಕೆ. ಅರಮನೆಯನ್ನೂ ನೋಡಿದೆವು. ಮೆಟ್ಟಿಲುಗಳ ಮೇಲಿನ ಚಾವಣಿಗೆ ಇಟಲಿಯ ಚಿತ್ರಕಾರ ಟಿಯೆಪೊಲೊ 1750ರ ದಶಕದಲ್ಲಿ ಬರೆದ ಚಿತ್ರ ಭವ್ಯವಾಗಿದೆ. ಚಿನ್ನದ ಲೇಪದ ಕೋಣೆಗಳು ಮಾತ್ರ ಬೇಗ ಸಾಕೆನಿಸಿದವು. ನನ್ನ ಮನಸ್ಸನ್ನು ಹಿಡಿದದ್ದು ಯೂಲಿಯುಸ್‌ಸ್ಪಿಟಾಲ್. 1576ರಲ್ಲಿ ಬಿಷಪ್ ಯೂಲಿಯುಸ್ ಎಖ್ಟರ್ ಬಡವರಿಗೂ ರೋಗಿಗಳಿಗೂ ಆಸ್ಪತ್ರೆ ಕಟ್ಟಿಸಿ, ಅದು ನಡೆಯಲೆಂದು ಜಮೀನನ್ನೂ ದ್ರಾಕ್ಷಿ ತೋಟಗಳನ್ನೂ ದತ್ತಿ ಬಿಟ್ಟ. ಆ ದತ್ತಿಸಂಸ್ಥೆ ಇಂದಿಗೂ ವೈನ್ ತಯಾರಿಸುತ್ತದೆ.

ಈ ಊರಿಗೆ ಹೋಗುವವರು ಮಧ್ಯಾಹ್ನ ಒಂದು ಗಂಟೆಯಾಗುವುದರೊಳಗೆ ಊಟಕ್ಕೆ ಕುಳಿತುಬಿಡಿ. ಎರಡು ದಾಟಿ ಐದೇ ನಿಮಿಷವಾಗಿತ್ತು, ಒಂದು ಹೋಟೆಲಿನವರು ಅಡುಗೆಮನೆ ಮುಚ್ಚಿತೆಂದು ನಮ್ಮನ್ನು ಬಾಗಿಲಿನಿಂದಲೇ ಕಳಿಸಿದರು. ಒಳಗೆ ಜನ ಉಣ್ಣುತ್ತಲೇ ಇದ್ದರು. ಆ ಸಿಟ್ಟು ನನಗಿನ್ನೂ ಇಳಿದಿಲ್ಲ.

ಮಳೆಯಲ್ಲಿ ನೆನೆದು ಹೊಕ್ಕದ್ದು ಓಣಿಯೊಂದರ ಪುಟ್ಟ ವೈನ್ ಮನೆಯನ್ನು. ಬಡಿಸುತ್ತಿದ್ದ ಹಿರಿಯ ಹೆಂಗಸು ಮೇ ತಿಂಗಳಲ್ಲಿ ಬೇರೇನನ್ನೂ ಕೇಳಬೇಡಿ ಎಂಬಂತೆ ಬಿಳಿ ಆಸ್ಪರಾಗಸ್ ದಂಟುಗಳನ್ನು ತಂದಿಟ್ಟರು. ಮಣ್ಣು ಏರಿಸಿ ಬಿಸಿಲು ಕಾಣಿಸದೆ ಬೆಳೆಸುವುದರಿಂದ ಅದಕ್ಕೆ ಹಸಿರು ಬಣ್ಣ ಬರುವುದಿಲ್ಲ. ಜೂನ್ 24ಕ್ಕೆ ಅದರ ಕಾಲ ಮುಗಿಯುತ್ತದೆ. ಜೊತೆಗೆ ಬೇಯಿಸಿದ ಆಲೂಗಡ್ಡೆ, ಕರಗಿದ ಬೆಣ್ಣೆ. ಹಂದಿಮಾಂಸ ಬೇಡವೆಂದೆ. ಚಪ್ಪಟೆ ಹೊಟ್ಟೆಯ ಬೋಕ್ಸ್‌ಬಾಯ್ಟೆಲ್ ಬಾಟಲಿಯಿಂದ ಸಿಲ್ವಾನರ್ ಎಂಬ ಬಿಳಿ ವೈನ್ ಸುರಿದರು.

"ಅತ್ತೆ, ಮೊದಲು ಬರಿಯ ವೈನ್ ಕುಡಿಯಬೇಕಂತೆ," ಎಂದಳು ಹುಡುಗಿ. ಕುಡಿದೆ. ಸಿಹಿಯ ಸುಳಿವಿಲ್ಲ. ಪೇರ್ ಹಣ್ಣು, ಒಣಹುಲ್ಲು, ಕೊನೆಗೆ ತೆಳುವಾದ ಕಹಿ. ಜರ್ಮನ್ ವೈನ್ ಎಂದರೆ ಸಿಹಿ ಎಂದು ಕೇಳಿದ್ದೆನಲ್ಲ, ಎಂದೆ. ಬಡಿಸುತ್ತಿದ್ದ ಹೆಂಗಸಿಗೆ ಅದು ಹಿಡಿಸಲಿಲ್ಲ. ಕಾನೂನಿನ ಪ್ರಕಾರ ಹುಳಿ ಸಾಕಷ್ಟಿದ್ದರೆ ಲೀಟರಿಗೆ 9 ಗ್ರಾಂ ಸಕ್ಕರೆ ಉಳಿದರೂ ಲೇಬಲ್ಲಿನ ಮೇಲೆ 'ಟ್ರೋಕನ್', ಅಂದರೆ ಸಿಹಿಯಿಲ್ಲದ್ದು, ಎಂದು ಬರೆಯಬಹುದು. ನಮ್ಮ ಈ ಫ್ರಾಂಕೋನಿಯಾ ಸೀಮೆಯಲ್ಲಿ 4 ಗ್ರಾಂ ದಾಟಿದರೆ ಮೂಗು ಮುರಿಯುತ್ತೇವೆ, ಎಂದರು.

ಆಮೇಲೆ ಆಸ್ಪರಾಗಸ್‌ನ ಒಂದು ತುಂಡನ್ನು ಬೆಣ್ಣೆಯಿಲ್ಲದೆ ತಿನ್ನಿಸಿದರು. ಅದರ ಕಹಿಯೂ ವೈನಿನ ಕಹಿಯೂ ಸೇರಿ ಎರಡೂ ಮೆತ್ತಗಾದವು. ಬೆಣ್ಣೆಯಲ್ಲಿ ಅದ್ದಿ ತಿಂದಾಗಲಂತೂ ಗುಟುಕು ಗುಟುಕಿಗೂ ನಾಲಿಗೆ ಶುಚಿಯಾಗಿ, ಮುಂದಿನ ತುತ್ತು ಮೊದಲ ತುತ್ತಿನಷ್ಟೇ ರುಚಿಸಿತು. ಇಷ್ಟು ಸಪ್ಪೆ ಊಟದಲ್ಲಿ ಇಷ್ಟೊಂದು ಅಡಗಿದೆಯೆಂದು ನಾನು ಎಣಿಸಿರಲಿಲ್ಲ.

ಅಲ್ಲಿಗೇ ಬಿಡದೆ ಆಕೆ ಅದೇ ತಟ್ಟೆಗೆ ರೀಸ್ಲಿಂಗ್ ಎಂಬ ಇನ್ನೊಂದು ಬಿಳಿ ವೈನ್ ತಂದರು. ಒಂಟಿಯಾಗಿ ಕುಡಿದರೆ ನಿಂಬೆಯ ಚುರುಕಿರುವ ಸೊಗಸಾದ ವೈನ್. ಆಸ್ಪರಾಗಸ್ ತಿಂದು ಕುಡಿದರೆ ಬಾಯಲ್ಲಿ ಲೋಹದ ಒಗರು. "ಹುಳಿ ಹೆಚ್ಚಾಯಿತು. ಇದಕ್ಕೆ ಟ್ರೌಟ್ ಮೀನು ಬೇಕು, ಇಲ್ಲವೆ ಹುಳಿ ಹಾಕಿದ ಅಡುಗೆ. ಅಡುಗೆಗಿಂತ ವೈನ್ ಹುಳಿಯಾಗಿರಬೇಕು," ಎಂದರು. ನೀವು ಮನೆಯಲ್ಲಿ ಏನು ಉಣ್ಣುತ್ತೀರಿ ಎಂದು ಕೇಳಿದರು. ತೊವ್ವೆ, ತುಪ್ಪ, ಹುಣಸೆಹುಳಿಯ ಸಾರು, ಎಲ್ಲವನ್ನೂ ಹುಡುಗಿ ವಿವರಿಸಿದಳು. ಬೇಳೆಗೆ ಸಿಲ್ವಾನರ್, ಸಾರಿಗೆ ರೀಸ್ಲಿಂಗ್, ಆದರೆ ಮೆಣಸಿನಕಾಯಿ ಕಡಿಮೆ ಮಾಡಿ. ಖಾರದೊಂದಿಗೆ ಆಲ್ಕೋಹಾಲ್ ಉರಿಯುತ್ತದೆ, ಎಂದು ತೀರ್ಪು ಕೊಟ್ಟರು.

ಸಂಜೆ ಮೈನ್ ನದಿಯ ಹಳೆಯ ಸೇತುವೆಯ ಮೇಲೆ ಗ್ಲಾಸ್ ಹಿಡಿದು ನಿಲ್ಲುವುದು ಇಲ್ಲಿನ ವಾಡಿಕೆ. ನೂಕುನುಗ್ಗಲಿನಲ್ಲಿ ಮೊಣಕೈ ತಾಗಿಸಿಕೊಂಡು ಕುಡಿಯುವುದು ನನಗೆ ಸೇರಲಿಲ್ಲ. ಎರಡು ಬಾಟಲಿ ಕೊಂಡು ರೈಲು ಹತ್ತಿದೆವು.

ಮರುದಿನ ಫ್ರಾಂಕ್‌ಫರ್ಟಿನ ಅಡುಗೆಮನೆಯಲ್ಲಿ ಹೆಸರುಬೇಳೆಯ ತೊವ್ವೆಗೆ ಶುಂಠಿ, ಜೀರಿಗೆ ಹಾಕಿ ತುಪ್ಪ ಬಿಟ್ಟೆ. ಸಿಲ್ವಾನರ್ ಅದಕ್ಕೆ ಚೆನ್ನಾಗಿ ಹೊಂದಿತು. ಸಾರಿನ ಮುಂದೆ ಅದೇ ವೈನ್ ನೀರಾಯಿತು. ರೀಸ್ಲಿಂಗ್ ಮಾತ್ರ ಹುಣಸೆಗೆ ಸರಿಸಮನಾಗಿ ನಿಂತಿತು. ಸಾರಿಗೆ ಬ್ಯಾಡಗಿ ಮೆಣಸಿನಕಾಯಿ ಒಂದನ್ನೇ ಹಾಕಿದ್ದೆ.