ಅಂಬಾಸಿಡರ್ ಎಂಜಿನ್: ನಾಲ್ಕು ಡಿಗ್ರಿ ತಡವಾಗಿದ್ದ ಕ್ಯಾಮ್

ಬದಿಯಡ್ಕದ ಶೆಡ್ಡಿನಲ್ಲಿ ಈ ವಾರ ಟೈಮಿಂಗ್ ಕವರ್ (ಎಂಜಿನ್ ಮುಂಭಾಗದ ಚೈನಿನ ಮುಚ್ಚಳ) ಬಿಚ್ಚಿಯಾಯಿತು. ರೇಡಿಯೇಟರ್ ಮೊದಲೇ ಹೊರಗಿತ್ತು. 1489 ಸಿಸಿಯ ಹಳೇ ಪೆಟ್ರೋಲ್ ಎಂಜಿನ್. ವಾಲ್ವ್ ತೆರೆಸುವ ಕ್ಯಾಮ್‌ಶಾಫ್ಟ್ (ಕ್ಯಾಮ್) ಇರುವುದು ಬ್ಲಾಕಿನೊಳಗೆ, ಅದನ್ನು ತಿರುಗಿಸುವುದು ಕ್ರ್ಯಾಂಕಿನಿಂದ (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡ) ಬರುವ ಚೈನು. ಸಮತಟ್ಟಿನಲ್ಲಿ ಚೆನ್ನಾಗಿ ಓಡುವ ಕಾರು ಮುಳ್ಳೇರಿಯ ಕಡೆಯ ಏರಿನಲ್ಲಿ ಏದುಸಿರು ಬಿಡುತ್ತಿತ್ತು. ಕಾರ್ಬ್ಯುರೇಟರ್ ತೊಳೆದು ಪ್ಲಗ್ ಬದಲಿಸಿದರೂ ಸುಧಾರಿಸಲಿಲ್ಲ.

ಚೈನು ಕೂರುವ ಎರಡೂ ಹಲ್ಲುಚಕ್ರಗಳ, ಅಂದರೆ ಸ್ಪ್ರಾಕೆಟ್‌ಗಳ ಗುರುತು ಎದುರುಬದುರು ಸರಿಯಾಗಿಯೇ ಇದ್ದವು. ಹೆಚ್ಚಿನವರು ಇಲ್ಲಿಗೇ ನಿಲ್ಲಿಸುತ್ತಾರೆ, ನಿಲ್ಲಿಸಬಾರದು. ಕ್ಯಾಮ್ ಸ್ಪ್ರಾಕೆಟ್‌ಗೆ 40 ಹಲ್ಲು. ಒಂದು ಹಲ್ಲು ತಪ್ಪಿದರೆ ಕ್ಯಾಮಿನಲ್ಲಿ 9 ಡಿಗ್ರಿ, ಕ್ರ್ಯಾಂಕಿನಲ್ಲಿ 18. ಅಷ್ಟು ದೊಡ್ಡ ತಪ್ಪನ್ನು ಗುರುತು ತೋರಿಸುತ್ತದೆ. ಚೈನು ಸವೆದು ಉದ್ದವಾಗಿ ಕ್ಯಾಮ್ ಮೂರ್ನಾಲ್ಕು ಡಿಗ್ರಿ ಹಿಂದೆ ಬಿದ್ದರೆ ಕಣ್ಣಿಗೆ ತಿಳಿಯದು. ಆಗ ಇನ್‌ಲೆಟ್ ವಾಲ್ವ್ ತಡವಾಗಿ ಮುಚ್ಚುತ್ತದೆ, ಕಡಿಮೆ ವೇಗದಲ್ಲಿ ಎಳೆದುಕೊಂಡ ಮಿಶ್ರಣ ಸ್ವಲ್ಪ ವಾಪಸ್ ಹೋಗುತ್ತದೆ. ಏರಿನಲ್ಲಿ ಬೇಕಾದ ಎಳೆತವೇ ಕಡಿಮೆ.

ಹಾಗಾಗಿ ಅಳೆದೆ. ಕ್ರ್ಯಾಂಕಿಗೆ ಡಿಗ್ರಿ ಡಿಸ್ಕ್ (ಕೋನದ ಗುರುತುಳ್ಳ ತಟ್ಟೆ), ಪ್ಲಗ್ ತೂತಿಗೆ ಪಿಸ್ಟನ್ ತಡೆಯುವ ಬೋಲ್ಟು. ಎರಡೂ ದಿಕ್ಕಿನಲ್ಲಿ ತಿರುಗಿಸಿ, ತಡೆದ ಜಾಗಗಳ ನಟ್ಟನಡುವೆ ಸೊನ್ನೆ ಕೂರಿಸಿದೆ; ಪಿಸ್ಟನ್ ತೀರಾ ಮೇಲಿರುವ ನಿಜವಾದ ಬಿಂದು ಅದೇ. ಬೋಲ್ಟು ತೆಗೆದು, ಒಂದನೇ ಸಿಲಿಂಡರಿನ ಇನ್‌ಲೆಟ್ ಪುಶ್‌ರಾಡ್ (ಕ್ಯಾಮ್ ಮೇಲೆತ್ತುವ ಕಡ್ಡಿ) ಮೇಲೆ ಎತ್ತರ ಅಳೆಯುವ ಡಯಲ್ ಗೇಜ್ ಇಟ್ಟೆ. ಪೂರ್ತಿ ಎತ್ತಿದಲ್ಲಿ ಮುಳ್ಳು ಸುಮಾರು ಹೊತ್ತು ಅಲುಗುವುದಿಲ್ಲ, ಅದನ್ನು ನಂಬುವ ಹಾಗಿಲ್ಲ. ಅದರ ಎರಡೂ ಬದಿ ಅರ್ಧ ಮಿಲಿಮೀಟರ್ ಕೆಳಗಿನ ಜಾಗವನ್ನು ಡಿಸ್ಕಿನಲ್ಲಿ ಓದಿದರೆ ಸೊನ್ನೆ ದಾಟಿ 90 ಮತ್ತು 138 ಡಿಗ್ರಿ. ನಡು 114. ಓದುವಾಗ ಎಂಜಿನನ್ನು ಅದು ಓಡುವ ದಿಕ್ಕಿಗೇ ತಿರುಗಿಸಬೇಕು, ಹಿಂದೆ ತಿರುಗಿಸಿದರೆ ಚೈನಿನ ಸಡಿಲ ಲೆಕ್ಕ ಕೆಡಿಸುತ್ತದೆ.

ಹೊಸ ಚೈನು ಹಾಕಿ ಮತ್ತೆ ಅಳೆದಾಗ 86, 134. ನಡು 110! ಬರೀ ಚೈನಿನಿಂದಲೇ ನಾಲ್ಕು ಡಿಗ್ರಿ. ಕ್ಯಾಮ್ ಸರಿಯಾದ ಜಾಗಕ್ಕೆ ಬಂದದ್ದರಿಂದ, ಅದನ್ನು ತುಸು ತಿರುಗಿಸಿ ಕೂರಿಸುವ ಆಫ್‌ಸೆಟ್ ಕೀ ತರಿಸುವ ಯೋಚನೆ ಬಿಟ್ಟೆ. ಕುಂಬಳೆಯ ಲೇತ್‌ನವರು ಹಳೇ ಚೈನನ್ನು ಅಡ್ಡ ಹಿಡಿದು, “ಇದು ಬಾಗುವುದು ನೋಡಿ ಅಣ್ಣ, ಪಿನ್ನೆಲ್ಲ ಸವೆದಿದೆ” ಎಂದರು.

ಇನ್ನೊಂದು ಮುಖ್ಯ ವಿಷಯ: ಈ ಎಂಜಿನಿನಲ್ಲಿ ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ತಿರುಗುವುದೂ ಕ್ಯಾಮ್‌ಶಾಫ್ಟಿನಿಂದಲೇ. ಹಳೇ ಚೈನಿಗೆ ಹೊಂದಿಸಿದ್ದ ಕಿಡಿ ಈಗ ಮುಂಚೆಯೇ ಹಾರುತ್ತದೆ, ಹಾಗೇ ಬಿಟ್ಟರೆ ಏರಿನಲ್ಲಿ ಎಂಜಿನ್ ಕಟಕಟ ಎನ್ನುವುದು ಖಂಡಿತ. ಕವರಿನ ಆಯಿಲ್ ಸೀಲ್ ಬದಲಿಸಿ, ಟ್ಯಾಪೆಟ್ ಸಂದು (ವಾಲ್ವಿನ ಮೇಲಿನ ಸಡಿಲ) 0.015 ಇಂಚಿಗೆ ಹೊಂದಿಸಿ, ಆಮೇಲೆ ಕಿಡಿಯ ಸಮಯ ಹೊಂದಿಸಲು ಟೈಮಿಂಗ್ ಲೈಟ್ ಹಿಡಿಯುತ್ತೇನೆ.