ಜನವರಿ 26ಕ್ಕೇ ಏಕೆ ಇಷ್ಟೊಂದು ಇತಿಹಾಸ?

ಇತಿಹಾಸದಲ್ಲಿ ಈ ದಿನ ಏನು ನಡೆಯಿತು ಎಂಬ ಟಿಪ್ಪಣಿಗಳನ್ನು ಬಹುಕಾಲದಿಂದ ಬರೆಯುತ್ತ ಬಂದಿರುವ ನನ್ನನ್ನು ಓದುಗರು ಪದೇ ಪದೇ ಕೇಳುವ ಪ್ರಶ್ನೆಯೊಂದಿದೆ. ಬೇರೆ ಬೇರೆ ವರ್ಷಗಳ ದೊಡ್ಡ ಘಟನೆಗಳು ಒಂದೇ ತಾರೀಖಿನಂದು ನಡೆದಿರುವುದು ಕಾಕತಾಳೀಯವೇ, ಅಥವಾ ಆ ದಿನಕ್ಕೇ ಏನಾದರೂ ಮಹತ್ವವಿದೆಯೇ ಎಂದು ಅವರು ಕೇಳುತ್ತಾರೆ. ಹೆಚ್ಚಾಗಿ ಉದಾಹರಿಸುವುದು ಜನವರಿ 26ನ್ನು. ಬಹುತೇಕ ಸಂದರ್ಭಗಳಲ್ಲಿ ಆ ದಿನವನ್ನು ಯಾರೋ ಕಾರಣವಿಟ್ಟುಕೊಂಡೇ ಆರಿಸಿರುತ್ತಾರೆ ಎಂಬುದು ನನ್ನ ಉತ್ತರ.

1929ರ ಡಿಸೆಂಬರಿನಲ್ಲಿ ಲಾಹೋರಿನಲ್ಲಿ ಜವಾಹರಲಾಲ್ ನೆಹರೂ ಅವರ ಅಧ್ಯಕ್ಷತೆಯಲ್ಲಿ ಸೇರಿದ ಕಾಂಗ್ರೆಸ್ ಅಧಿವೇಶನವು ಪೂರ್ಣ ಸ್ವರಾಜ್ಯವೇ ತನ್ನ ಗುರಿಯೆಂದು ಸಾರಿತು. ಆ ನಿರ್ಣಯವನ್ನು ಊರೂರಿಗೆ ಮುಟ್ಟಿಸಲು ಒಂದು ದಿನ ಬೇಕಾಗಿತ್ತು. ಅದಕ್ಕಾಗಿ ಕಾರ್ಯಕಾರಿ ಸಮಿತಿ ಗೊತ್ತುಮಾಡಿದ್ದು 1930ರ ಜನವರಿಯ ಕೊನೆಯ ಭಾನುವಾರವನ್ನು. ಅದು 26ನೆಯ ತಾರೀಖು ಆಗಿತ್ತು. ಅಂದು ದೇಶದುದ್ದಕ್ಕೂ ಜನರು ಗುಂಪುಗೂಡಿ, ಭಾಷಣಗಳ ಅಬ್ಬರವಿಲ್ಲದೆ, ಸ್ವಾತಂತ್ರ್ಯದ ಪ್ರತಿಜ್ಞೆಯನ್ನು ಸ್ವೀಕರಿಸಿದರು. ಮುಂದಿನ ವರ್ಷಗಳಲ್ಲಿ ಕಾಂಗ್ರೆಸ್ಸಿನವರು ಸ್ವಾತಂತ್ರ್ಯ ದಿನವೆಂದು ಆಚರಿಸುತ್ತಿದ್ದುದು ಇದೇ ದಿನವನ್ನು ಎಂಬುದನ್ನು ಇಂದಿನ ಮಕ್ಕಳಿಗೆ ನಾವು ಒತ್ತಿ ಹೇಳಬೇಕು ಎಂದು ನನಗೆ ಅನ್ನಿಸುತ್ತದೆ.

ಸ್ವಾತಂತ್ರ್ಯ ಬಂದದ್ದು ಮಾತ್ರ ಆಗಸ್ಟ್ 15ರಂದು. ಎರಡನೆಯ ಮಹಾಯುದ್ಧದಲ್ಲಿ ಆಗ್ನೇಯ ಏಷ್ಯಾದ ಮಿತ್ರಸೇನೆಗಳ ದಂಡನಾಯಕರಾಗಿದ್ದ ಮೌಂಟ್‌ಬ್ಯಾಟನ್, ಜಪಾನ್ ಶರಣಾದ ಎರಡನೆಯ ವಾರ್ಷಿಕ ದಿನವೆಂಬ ಕಾರಣಕ್ಕೆ ಆ ತಾರೀಖನ್ನು ಆರಿಸಿದರು. ಜಪಾನಿನ ಆಳ್ವಿಕೆಯಿಂದ ಬಿಡುಗಡೆಯಾದ ಕೊರಿಯಾದ ಜನರು ಆಗಸ್ಟ್ 15ನ್ನು ವಿಮೋಚನೆಯ ದಿನವಾಗಿ ಆಚರಿಸುವುದಕ್ಕೂ 1945ರ ಆ ಶರಣಾಗತಿಯೇ ಮೂಲ. ಭಾರತ ಮತ್ತು ಕೊರಿಯಾ ಒಂದೇ ದಿನ ಧ್ವಜ ಹಾರಿಸುವುದರ ಹಿಂದಿನ ಕಾರಣ ಇದು.

ಹೀಗೆ ಹದಿನೇಳು ವರ್ಷ ಸ್ವಾತಂತ್ರ್ಯದ ದಿನವಾಗಿದ್ದ ಜನವರಿ 26ಕ್ಕೆ ಬೇರೊಂದು ಸ್ಥಾನ ಸಿಗಬೇಕಾಯಿತು. ಸಂವಿಧಾನ ಸಭೆಯು ಸಂವಿಧಾನವನ್ನು ಅಂಗೀಕರಿಸಿದ್ದು 1949ರ ನವೆಂಬರ್ 26ರಂದು. ಅದರ 394ನೆಯ ವಿಧಿಯನ್ನು ತೆರೆದು ನೋಡಿದರೆ ಈ ಆಯ್ಕೆ ಕಣ್ಣಿಗೆ ಕಾಣುತ್ತದೆ: ಪೌರತ್ವ, ಚುನಾವಣಾ ಆಯೋಗ ಮೊದಲಾದವುಗಳಿಗೆ ಸಂಬಂಧಿಸಿದ ಕೆಲವು ವಿಧಿಗಳು ಕೂಡಲೇ ಜಾರಿಗೆ ಬರತಕ್ಕದ್ದು, ಉಳಿದವು 1950ರ ಜನವರಿ 26ರಂದು ಬರತಕ್ಕದ್ದು ಎಂದು ಅಲ್ಲಿ ದಿನಾಂಕವನ್ನೇ ನಮೂದಿಸಲಾಗಿದೆ. ನಮ್ಮ ಮೈಸೂರು ಸಂಸ್ಥಾನವೂ ಈ ದಿನಾಂಕಕ್ಕೆ ಕಟ್ಟುಬಿದ್ದಿತ್ತು. ಭಾರತದ ಸಂವಿಧಾನವನ್ನು ಒಪ್ಪಿಕೊಂಡು ಜಯಚಾಮರಾಜ ಒಡೆಯರ್ ಅವರು 1949ರ ನವೆಂಬರ್ 25ರಂದು ಘೋಷಣೆ ಹೊರಡಿಸಿದ್ದರು. ಜನವರಿ 26ರಂದು ಮಹಾರಾಜರು ರಾಜಪ್ರಮುಖರಾದರು, ಅಂದರೆ ರಾಜ್ಯಪಾಲರಿಗೆ ಸಮನಾದ ರಾಜ್ಯದ ಮುಖ್ಯಸ್ಥರಾದರು.

ಮುಂದಿನ ಕೊಂಡಿ ಲೆಕ್ಕದಿಂದಲೇ ಹುಟ್ಟಿದ್ದು. ಕೇಂದ್ರದ ಆಡಳಿತ ಭಾಷೆ ಹಿಂದಿ, ಆದರೆ ಸಂವಿಧಾನ ಜಾರಿಯಾದ ದಿನದಿಂದ ಹದಿನೈದು ವರ್ಷ ಇಂಗ್ಲಿಷೂ ಮುಂದುವರಿಯಬಹುದೆಂದು 343ನೆಯ ವಿಧಿ ಹೇಳಿತ್ತು. ಆ ಗಡುವು 1965ರ ಜನವರಿ 26ಕ್ಕೆ ಮುಗಿಯಿತು. ಇಂಗ್ಲಿಷಿನ ಬಳಕೆ ಮುಂದುವರಿಯಬಹುದು ಎಂಬ 1963ರ ಕಾಯ್ದೆಯ ಮಾತು ಹಿಂದಿಯ ಹೇರಿಕೆಗೆ ಅಂಜಿದ ಮದ್ರಾಸ್ ರಾಜ್ಯದ ಜನರಿಗೆ ಭರವಸೆಯಾಗಿ ಕಾಣಲಿಲ್ಲ. ಡಿಎಂಕೆ ಆ ಗಣರಾಜ್ಯೋತ್ಸವವನ್ನು ಶೋಕದಿನವೆಂದು ಘೋಷಿಸಿತು. ಅದರ ಹಿಂದಿನ ದಿನವೇ ಮದುರೆಯಲ್ಲಿ ವಿದ್ಯಾರ್ಥಿಗಳ ಚಳವಳಿ ಹಿಂಸೆಗೆ ತಿರುಗಿ, ವಾರಗಟ್ಟಲೆ ರಾಜ್ಯವೆಲ್ಲ ಹೊತ್ತಿ ಉರಿಯಿತು. 1967ರಲ್ಲಿ ಅದೇ ಪಕ್ಷ ಅಲ್ಲಿ ಅಧಿಕಾರಕ್ಕೆ ಬಂದಿತು. 1930ರ ಭಾನುವಾರದಿಂದ 1965ರ ಶೋಕದಿನದವರೆಗೆ ಕಾರಣಗಳ ಎಳೆ ಎಲ್ಲಿಯೂ ಕಡಿಯುವುದಿಲ್ಲ.

ಇದೇ ದಿನದ ಆಸ್ಟ್ರೇಲಿಯಾದ ಕಥೆಗೂ ಭಾರತಕ್ಕೂ ಯಾವ ನಂಟೂ ಇಲ್ಲ, ಅದು ನಿಜವಾಗಿಯೂ ಕಾಕತಾಳೀಯ. 1788ರ ಜನವರಿ 26ರಂದು ಆರ್ಥರ್ ಫಿಲಿಪ್ ಸಿಡ್ನಿಯ ಕೊಲ್ಲಿಯಲ್ಲಿ ಬ್ರಿಟಿಷ್ ಬಾವುಟ ನೆಟ್ಟಿದ್ದರಿಂದ ಅಲ್ಲಿ ಅದು ರಾಷ್ಟ್ರೀಯ ದಿನವಾಯಿತು. ಆದರೆ ಆ ದೇಶದೊಳಗೆ ಮುಂದೆ ನಡೆದದ್ದು ಕಾಕತಾಳೀಯವಲ್ಲ. 150 ವರ್ಷ ತುಂಬಿದ ಸಂಭ್ರಮದ ದಿನವೇ, 1938ರಲ್ಲಿ, ಮೂಲನಿವಾಸಿ ಮುಖಂಡರು ಸಿಡ್ನಿಯಲ್ಲಿ ಸೇರಿ ಶೋಕದಿನ ಆಚರಿಸಿದರು. 1972ರ ಅದೇ ತಾರೀಖಿನಂದು, ಭೂಹಕ್ಕನ್ನು ನಿರಾಕರಿಸಿದ ಪ್ರಧಾನಿಯ ಹೇಳಿಕೆಯನ್ನು ಪ್ರತಿಭಟಿಸಿ, ನಾಲ್ವರು ಮೂಲನಿವಾಸಿ ತರುಣರು ಕ್ಯಾನ್‌ಬೆರಾದ ಸಂಸತ್ ಭವನದ ಎದುರಿನ ಹುಲ್ಲುಹಾಸಿನ ಮೇಲೆ ಕಡಲತೀರದ ಕೊಡೆಯೊಂದನ್ನು ಊರಿ, ಅದನ್ನೇ ತಮ್ಮ ರಾಯಭಾರ ಕಚೇರಿಯೆಂದು ಕರೆದರು. ಒಬ್ಬರು ಹಬ್ಬಕ್ಕೆಂದು ಆರಿಸಿದ ದಿನವನ್ನು, ಆ ಹಬ್ಬದಲ್ಲಿ ಪಾಲಿಲ್ಲದವರು ತಮ್ಮ ಅಳಲನ್ನು ಹೇಳಲು ಆರಿಸಿಕೊಳ್ಳುತ್ತಾರೆ. ಮದ್ರಾಸಿನಲ್ಲೂ ಸಿಡ್ನಿಯಲ್ಲೂ ನಡೆದದ್ದು ಇದು.

ಹಾಗಾದರೆ 2001ರ ಗುಜರಾತಿನ ಭೂಕಂಪವನ್ನು ಏನೆನ್ನುತ್ತೀರಿ ಎಂದು ಅನೇಕರು ಕೇಳುತ್ತಾರೆ. ಜನವರಿ 26ರ ಬೆಳಗ್ಗೆ 8.46ಕ್ಕೆ ಕಛ್ ಪ್ರದೇಶದಲ್ಲಿ ನೆಲ ನಡುಗಿದ್ದಕ್ಕೆ ಯಾರ ಆಯ್ಕೆಯೂ ಕಾರಣವಲ್ಲ, ಭೂಪದರಗಳಿಗೆ ನಮ್ಮ ಪಂಚಾಂಗದ ಹಂಗಿಲ್ಲ. ಆದರೂ ಆ ದುರಂತದ ಒಂದು ಭಾಗಕ್ಕೆ ತಾರೀಖೇ ಕಾರಣವಾಯಿತು. ಅಂಜಾರ್ ಪಟ್ಟಣದಲ್ಲಿ ಆ ಹೊತ್ತಿಗೆ ಶಾಲಾಮಕ್ಕಳು ಶಿಕ್ಷಕರೊಂದಿಗೆ ಇಕ್ಕಟ್ಟಾದ ಬೀದಿಯಲ್ಲಿ ಸಾಲಾಗಿ ಸಾಗುತ್ತಿದ್ದರು. ಎರಡೂ ಬದಿಯ ಕಟ್ಟಡಗಳು ಅವರ ಮೇಲೆ ಕುಸಿದವು. ಅಷ್ಟು ಮಕ್ಕಳು ಆ ಗಳಿಗೆಯಲ್ಲಿ ಆ ಬೀದಿಯಲ್ಲಿದ್ದದ್ದು ಅದು ಗಣರಾಜ್ಯೋತ್ಸವದ ಮೆರವಣಿಗೆಯಾಗಿದ್ದರಿಂದ.